ಅಳತೆ ಟೇಪಿಗೆ ಸಿಗದವರು

ಮರಗೆಲಸದವನ ಅಂಗಡಿಗೆ ಜನ ಮರದ ಸಾಮಾನಿಗಾಗಿ ಬರುತ್ತಾರೆ ಎಂದು ನೀವು ತಿಳಿದಿದ್ದರೆ, ಒಂದು ದಿನ ಕುದ್ರೋಳಿಯ ನನ್ನ ವರ್ಕ್‌ಶಾಪಿಗೆ ಬಂದು ಕೂತುಕೊಳ್ಳಬೇಕು. ಜನ ಬರುವುದು ತಮ್ಮ ಮನೆಯ ಕಥೆ ಹೇಳಲಿಕ್ಕೆ. ಕಪಾಟು, ಕಿಟಕಿ, ಮಂಚ ಎಲ್ಲ ಆ ಕಥೆಯ ನಡುವೆ ಎಲ್ಲಾದರೂ ಒಂದು ಕಡೆ ಬರುತ್ತದೆ. ನಾನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತೇನೆ. ಮರ ಕೊಯ್ಯಲಿಕ್ಕೆ, ಕಬ್ಬಿಣ ವೆಲ್ಡ್ ಮಾಡಲಿಕ್ಕೆ ನಾನು ಪ್ರಾಯದಲ್ಲಿಯೇ ಕಲಿತೆ. ಗಿರಾಕಿಗೆ ನಿಜವಾಗಿ ಬೇಕಾದದ್ದು ಏನು ಎಂದು ತಿಳಿಯಲಿಕ್ಕೆ ಇನ್ನೂ ಕಲಿಯುತ್ತಾ ಇದ್ದೇನೆ.

ಈಗ ಮೆಷಿನುಗಳನ್ನು ಅಳಿಯ ನೋಡಿಕೊಳ್ಳುತ್ತಾನೆ. ನಾನು ಬೆಳಿಗ್ಗೆ ಹೋಗಿ ಫ್ಯಾನಿನ ಕೆಳಗೆ ಕೂತು, ಬಂದವರ ಹತ್ತಿರ ಮಾತನಾಡಿ, ಊಟದ ಹೊತ್ತಿಗೆ ಮಣ್ಣಗುಡ್ಡದ ಮನೆಗೆ ಬರುತ್ತೇನೆ. ನನ್ನ ಹೆಂಡತಿ ನರ್ಸ್ ಆಗಿದ್ದು ನಿವೃತ್ತಳಾದವಳು. ಈ ಕಥೆಗಳನ್ನೆಲ್ಲ ಅವಳಿಗೆ ಹೇಳಿದರೆ, "ಆಸ್ಪತ್ರೆಗೆ ಬರುವವರಿಗೆ ಎಲ್ಲಿ ನೋವು ಅಂತಾದ್ರೂ ಗೊತ್ತಿರ್ತದೆ, ನಿಮ್ಮಲ್ಲಿಗೆ ಬರುವವರಿಗೆ ಅದೂ ಇಲ್ಲ" ಎನ್ನುತ್ತಾಳೆ. ಆದರೆ ಒಂದು ದಿನ ನಾನು ಕಥೆಯಿಲ್ಲದೆ ಬಂದರೆ, ಮೈ ಹುಷಾರಿಲ್ಲವಾ ಎಂದು ಕೇಳುವವಳೂ ಅವಳೇ.

ಹಲಸಿನ ಹಣ್ಣಿನ ಪಾಲು

ಮೊದಲೆಲ್ಲ ಮನೆಮನೆಯಲ್ಲಿ ಅಳತೆ ಟೇಪು ಇರುತ್ತಿರಲಿಲ್ಲ. ಕಿಟಕಿಯ ಅಳತೆ ಬೇಕೆಂದರೆ ಜನ ತೆಂಗಿನ ನಾರಿನ ಹಗ್ಗ ಹಿಡಿದು, ಬೇಕಾದಷ್ಟಕ್ಕೆ ಕತ್ತರಿಸಿ, ಸುರುಳಿ ಸುತ್ತಿ ತರುತ್ತಿದ್ದರು. ಹಗ್ಗದ ಅಳತೆ ತಪ್ಪುತ್ತಿರಲಿಲ್ಲ. ನಾನು ಎಷ್ಟೋ ಮನೆಗಳ ಕಿಟಕಿಯನ್ನು ಕಣ್ಣಿನಿಂದ ನೋಡದೆ ಹಗ್ಗ ನೋಡಿಯೇ ಗ್ರಿಲ್ ಮಾಡಿಕೊಟ್ಟಿದ್ದೇನೆ.

ಒಬ್ಬರು ಹೋಟೆಲಿನ ಧಣಿ. ಅಡುಗೆಮನೆಯ ಕಿಟಕಿಗೆ ಗ್ರಿಲ್ ಬೇಕೆಂದು ಸ್ಕೂಟರಿನಲ್ಲಿ ಬಂದು ಎರಡು ಹಗ್ಗ ಕೊಟ್ಟರು. "ಇದು ಎತ್ತರ, ಇದು ಅಗಲ. ಮಂಗ ನುಗ್ಗಬಾರದು, ಗಾಳಿ ನುಗ್ಗಬೇಕು" ಎಂದರು. ಮಾಡಿಕೊಟ್ಟೆ. ಹೊತ್ತುಕೊಂಡು ಹೋದವರು ಅದೇ ದಿನ ಸಂಜೆ ರಿಕ್ಷಾದಲ್ಲಿ ಗ್ರಿಲ್ಲನ್ನು ವಾಪಸು ತಂದು ಧಡ್ ಎಂದು ಇಳಿಸಿದರು.

"ಎಂತ ಮಾರಾಯ್ರೆ ಇದು, ಮೇಲೆ ಅಷ್ಟು ಜಾಗ ಬಾಕಿ ಉಂಟು. ಮಂಗ ಅಲ್ಲ, ಮಂಗನ ಅಜ್ಜನೂ ಬರಬಹುದು."

ನಾನು ಅವರ ಹಗ್ಗವನ್ನು ತಂದು ಗ್ರಿಲ್ಲಿನ ಮೇಲೆ ಹಿಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಅವರು ಹಗ್ಗವನ್ನು ನೋಡಿದರು, ಗ್ರಿಲ್ಲನ್ನು ನೋಡಿದರು, ಮತ್ತೆ ಹಗ್ಗವನ್ನು ಎಳೆದು ನೋಡಿದರು.

"ಹಗ್ಗ ಇಟ್ಟಲ್ಲಿಯೇ ಗಿಡ್ಡ ಆಗ್ತದಾ?" ಎಂದು ಕೇಳಿದರು.

"ಇಲ್ಲ. ದಾರಿಯಲ್ಲಿ ಎಲ್ಲಿಯಾದ್ರೂ ನಿಲ್ಲಿಸಿದ್ರಾ?"

ಅವರು ಯೋಚಿಸಿದರು. ಮುಖದ ಸಿಟ್ಟು ಮೆಲ್ಲನೆ ಇಳಿಯಿತು. ಬರುವ ದಾರಿಯಲ್ಲಿ ತಂಗಿಯ ಮನೆಗೆ ಹೋಗಿದ್ದರಂತೆ. ತಂಗಿ ಒಂದು ಹಲಸಿನ ಹಣ್ಣು ಕೊಟ್ಟಿದ್ದಳು. ಸ್ಕೂಟರಿನ ಹಿಂದೆ ಅದನ್ನು ಕಟ್ಟಲಿಕ್ಕೆ ಏನೂ ಸಿಗದೆ, ಕಿಸೆಯಲ್ಲಿದ್ದ ಹಗ್ಗದಿಂದಲೇ ಒಂದು ತುಂಡು ಕತ್ತರಿಸಿ ಕಟ್ಟಿದ್ದರು. "ಅಷ್ಟು ಉದ್ದ ಉಂಟಲ್ಲ, ಸ್ವಲ್ಪ ಕಡಿಮೆಯಾದ್ರೆ ಎಂತ ಅಂತ ಅಂದಾಜು ಮಾಡಿದೆ" ಎಂದರು.

ಹೊಸ ಗ್ರಿಲ್ ಮಾಡುವ ಎಂದು ನಾನು ಹೇಳಿದೆ. ಅವರು ಒಪ್ಪಲಿಲ್ಲ. ಮರುದಿನ ಮನೆಯ ಹಿತ್ತಿಲಲ್ಲಿ ಹುಡುಕಿ, ಹಲಸಿನ ಮೇಣ ಮೆತ್ತಿದ ಆ ತುಂಡನ್ನು ತಂದು ಮೇಜಿನ ಮೇಲೆ ಇಟ್ಟರು. ಅದರ ಅಳತೆಗೆ ಒಂದು ಪಟ್ಟಿ ಮಾಡಿ ಮೇಲ್ಗಡೆ ವೆಲ್ಡ್ ಮಾಡಿದೆ. ಸರಿಯಾಗಿ ಕೂತಿತು. ಮೊದಲಿನ ಡಿಸೈನಿನ ಪಟ್ಟಿ ನನ್ನಲ್ಲಿ ಮುಗಿದಿತ್ತು, ಹಾಗಾಗಿ ಮೇಲಿನದು ಮಾತ್ರ ಬೇರೆ ಹೂವು. ಅದು ಯಾಕೆ ಹಾಗೆ ಎಂದು ಮನೆಗೆ ಬಂದವರು ಕೇಳಿದರೆ ಅವರು ಈಗಲೂ ಗಂಭೀರವಾಗಿ ಹೇಳುತ್ತಾರೆ, "ಕೆಳಗಿನದ್ದು ಕಿಟಕಿಯದ್ದು. ಮೇಲಿನದ್ದು ಹಲಸಿನ ಹಣ್ಣಿನ ಪಾಲು."

ಗಲ್ಫಿನಿಂದ ಮೇಲ್ವಿಚಾರಣೆ

ಈಗ ಹಗ್ಗದ ಕಾಲ ಹೋಗಿ ವಿಡಿಯೋ ಕಾಲ್ ಬಂದಿದೆ. ನನ್ನ ಅರ್ಧ ಗಿರಾಕಿಗಳು ಗಲ್ಫಿನಲ್ಲಿ ಇದ್ದಾರೆ, ಅವರ ಹೆಂಡತಿಯರು ಇಲ್ಲಿದ್ದಾರೆ, ಕಪಾಟು ಇಬ್ಬರ ನಡುವೆ ಇರುತ್ತದೆ.

ನಮ್ಮ ಮನೆಯ ಹತ್ತಿರದ ಫ್ಲ್ಯಾಟಿನಲ್ಲಿ ಒಂದು ವಾರ್ಡ್‌ರೋಬಿನ ಕೆಲಸ. ಗಂಡನಿಗೆ ಬಿಳಿ ಬಣ್ಣವೇ ಆಗಬೇಕು. ಅವರ ಕಂಪೆನಿಯ ದೊಡ್ಡವರ ಮನೆಯಲ್ಲಿ ಎಲ್ಲ ಬಿಳಿಯಂತೆ. ಹೆಂಡತಿಗೆ ಮರದ ಬಣ್ಣ ಬೇಕು. "ಅಲ್ಲಿ ಒರೆಸಲಿಕ್ಕೆ ಬೇರೆ ಜನ ಉಂಟು. ಇಲ್ಲಿ ಬಿಳಿ ಹಾಕಿದ್ರೆ ಮಳೆಗಾಲದಲ್ಲಿ ಬೂಸ್ಟು ಒರೆಸುವುದು ಯಾರು, ಇವರಾ?" ಎಂದು ಆಕೆ ನನ್ನನ್ನು ಕೇಳಿದರು. ನ್ಯಾಯದ ಮಾತು. ಮನೆಯಲ್ಲಿ ಇರುವವರು ಅವರು, ಮೇಲೆ ಅಂಟಿಸುವ ಶೀಟನ್ನು ನಾನು ಮರದ ಬಣ್ಣದ್ದೇ ತರಿಸಿದೆ.

ಗಂಡನ ಫೋನು ಚಹಾದ ಹೊತ್ತಿಗೆ ತಪ್ಪದೆ ಬರುತ್ತಿತ್ತು. "ಶೀಟ್ ತೋರಿಸಿ ಅಂಕಲ್" ಎಂದರೆ, ಆಕೆ ಮೊದಲೇ ತೆಗೆದಿಟ್ಟ ಬಿಳಿ ಸ್ಯಾಂಪಲನ್ನು ಫೋನಿನ ಎದುರು ಹಿಡಿಯುತ್ತಿದ್ದರು. ಅಂಗೈಯಷ್ಟಿನ ತುಂಡು. ಅದನ್ನು ನೋಡಿಯೇ ಅವರಿಗೆ ಸಂತೋಷ. ತೊಂದರೆ ಶುರುವಾದದ್ದು ಕೆಲಸ ಮುಗಿದ ದಿನ. "ಈಗ ಪೂರ್ತಿ ತೋರಿಸು, ದೂರದಿಂದ" ಎಂದರು. ನಾನು ಸ್ಕ್ರೂಡ್ರೈವರ್ ಕೆಳಗಿಟ್ಟು ಆಕೆಯ ಮುಖ ನೋಡಿದೆ. ಆಕೆ, "ಒಂದು ನಿಮಿಷ, ಚಾರ್ಜು ಇಲ್ಲ" ಎಂದು ಫೋನ್ ಇಟ್ಟು, ಒಳಗಿನಿಂದ ಇಸ್ತ್ರಿ ಮಾಡಿದ ಎರಡು ಬಿಳಿ ಬೆಡ್‌ಶೀಟ್ ತಂದರು. ನಾವಿಬ್ಬರೂ ಸೇರಿ ಕಪಾಟಿನ ಮೇಲಿನಿಂದ ಕೆಳಗಿನವರೆಗೆ ಎಳೆದು ಬಿಗಿಯಾಗಿ ಸಿಕ್ಕಿಸಿದೆವು. ಮತ್ತೆ ಫೋನು ಹೋಯಿತು.

ಅವರು ಬಹಳ ಹೊತ್ತು ನೋಡಿದರು. "ಅಂಕಲ್, ಫಿನಿಶಿಂಗ್ ಒಳ್ಳೆ ಉಂಟು. ಒಂದು ಜಾಯಿಂಟ್ ಸಹ ಕಾಣುವುದಿಲ್ಲ" ಎಂದರು. ಇಷ್ಟು ವರ್ಷದಲ್ಲಿ ನನ್ನ ಕೆಲಸಕ್ಕೆ ಸಿಕ್ಕಿದ ದೊಡ್ಡ ಹೊಗಳಿಕೆ ಅದು, ಸಿಕ್ಕಿದ್ದು ಬೆಡ್‌ಶೀಟಿಗೆ.

ಕ್ರಿಸ್ಮಸ್ಸಿಗೆ ಅವರು ಊರಿಗೆ ಬಂದರು. ಬಂದ ಮರುದಿನವೇ ಹಿಡಿಕೆ ಸಡಿಲವಾಗಿದೆ ಎಂದು ನನಗೆ ಕರೆ. ನಾನು ಹೆದರಿಯೇ ಹೋದೆ. ಅವರು ಕೋಣೆಯ ನಡುವೆ ಕೈ ಕಟ್ಟಿ ನಿಂತು ಕಪಾಟನ್ನು ನೋಡುತ್ತಿದ್ದರು. ಆಕೆ ಬಾಗಿಲ ಬಳಿ ನಿಂತಿದ್ದರು. ಗಂಡ ನನ್ನ ಹೆಗಲ ಮೇಲೆ ಕೈ ಇಟ್ಟರು.

"ನೋಡಿದ್ರಾ ಅಂಕಲ್, ಬಿಳಿ ಬೇಡ ಅಂತ ಇವಳು ಎಷ್ಟು ಹಠ ಮಾಡಿದ್ಲು. ಕ್ಯಾಮೆರಾದಲ್ಲಿ ಬಿಳಿ ಕಂಡದ್ದು ಎದುರಿಗೆ ನೋಡುವಾಗ ಹೀಗೆ ಮರದ ಹಾಗೆಯೇ ಕಾಣ್ತದೆ ಅಂತ ನನಗೆ ಮೊದಲೇ ಅಂದಾಜಿತ್ತು."

ಆಕೆ ಒಳಗಿನಿಂದ ನನಗೆ ಎರಡು ತುಂಡು ಕೇಕು ಜಾಸ್ತಿ ತಂದು ಕೊಟ್ಟರು.

ಪಾಲಿಶ್ ಕಾಕ ಕೇಳಿದ ಪಾಪ

ಒಂದು ಚರ್ಚಿನವರು ಪಾಪನಿವೇದನೆಯ ಹೊಸ ಗೂಡು ಮಾಡಿಸಿದರು. ನಡುವೆ ಜಾಲರಿ, ಆಚೆ ಫಾದರ್ ಕೂರುವ ಜಾಗ, ಈಚೆ ಮೊಣಕಾಲೂರುವ ಮಣೆ, ಎದುರಿಗೆ ಪರದೆ. ಪಾಲಿಶಿಗೆ ನನ್ನ ಜೊತೆ ಯಾವಾಗಲೂ ಇರುತ್ತಿದ್ದವರು ಕುದ್ರೋಳಿಯ ಒಬ್ಬ ಬ್ಯಾರಿ ಮುಸಲ್ಮಾನರು, ಎಲ್ಲರೂ ಪಾಲಿಶ್ ಕಾಕ ಎಂದು ಕರೆಯುವವರು. ಅವರ ಕೈ ತಾಗಿದರೆ ಎಂಥ ಮರವೂ ಮಿನುಗುತ್ತಿತ್ತು.

ಗೂಡನ್ನು ಚರ್ಚಿನಲ್ಲಿ ಕೂರಿಸಿದ ದಿನ. ಕಾಕ ಫಾದರ್ ಕೂರುವ ಜಾಗದಲ್ಲಿ ಕೂತು, ಧೂಳು ಬೀಳಬಾರದೆಂದು ಪರದೆ ಎಳೆದು, ಒಳಗೆ ಕೈ ಇಡುವ ಹಲಗೆಗೆ ಕೊನೆಯ ಪಾಲಿಶ್ ಒರೆಸುತ್ತಿದ್ದರು. ನಾನು ಗೂಡಿನ ಹಿಂದೆ ಕೂತು ಸ್ಕ್ರೂ ಬಿಗಿಮಾಡುತ್ತಿದ್ದೆ. ನಮ್ಮ ಕ್ರಿಶ್ಚಿಯನ್ ಹೆಂಗಸರನ್ನು ಇಲ್ಲಿ ಬಾಯಿ ಎನ್ನುತ್ತಾರೆ. ಅಂಥ ವಯಸ್ಸಾದ ಬಾಯಿಯೊಬ್ಬರು ಆಗ ಬಂದು, ಹೊಸ ಗೂಡು ಕಂಡು ಖುಷಿಯಾಗಿ, ಮೊಣಕಾಲೂರಿ ಶಿಲುಬೆಯ ಗುರುತು ಹಾಕಿ ಶುರುಮಾಡಿಯೇ ಬಿಟ್ಟರು. ನಾನು ಜೋರಾಗಿ ಕೆಮ್ಮಿದೆ. ಬಾಯಿಗೆ ಕಿವಿ ಸ್ವಲ್ಪ ಮಂದ.

"ಫಾದರ್, ನಾನು ಕದ್ದಿದ್ದೇನೆ."

ಒಳಗೆ ಪಾಲಿಶ್ ಒರೆಸುವ ಶಬ್ದ ನಿಂತಿತು.

"ನೆರೆಮನೆಯ ಬಸಳೆ ಫಾದರ್. ನಮ್ಮ ಕಂಪೌಂಡಿನ ಮೇಲೆ ಬಂದು ಬಗ್ತದೆ. ಮೊದಲು ಬಗ್ಗಿದ್ದನ್ನು ಮಾತ್ರ ಕೊಯ್ದೆ. ಮತ್ತೆ ಬಗ್ಗದ್ದನ್ನೂ ಬಗ್ಗಿಸಿ ಕೊಯ್ದೆ. ಈ ಮಳೆಗಾಲ ಪೂರ್ತಿ."

ಬಾಯಿ ಎದ್ದು ಹೋಗುವ ಅಂದಾಜಿನಲ್ಲಿ ಇರಲಿಲ್ಲ. "ಪ್ರಾಯಶ್ಚಿತ್ತ ಎಂತ ಮಾಡ್ಲಿ ಫಾದರ್?" ಎಂದು ಎರಡೆರಡು ಸಲ ಕೇಳಿದರು. ಕೊನೆಗೆ ಒಳಗಿನಿಂದ ಬೇಕೆಂದೇ ದಪ್ಪ ಮಾಡಿದ ಒಂದು ಸ್ವರ ಬಂತು.

"ಸಿಗಡಿ ಹಾಕಿ ಬಸಳೆ ಸಾರು ಮಾಡಿ. ಅವರ ಮನೆಗೂ ಸ್ವಲ್ಪ ಕೊಡಿ."

ಬಾಯಿ ಹಗುರವಾಗಿ ಎದ್ದು ಹೋದರು. ಕಾಕ ಪರದೆ ಸರಿಸಿ ಹೊರಗೆ ಬಂದಾಗ ಬೆವರಿನಲ್ಲಿ ಮಿಂದಿದ್ದರು. ನನ್ನನ್ನು ಕಂಡು ಮೆಲ್ಲನೆ ಹೇಳಿದರು, "ಸ್ವರದಲ್ಲಿಯೇ ಗುರುತು ಸಿಕ್ಕಿತು. ಆಚೆಮನೆಯ ಬಾಯಿ ಅವರು. ಅದು ನಮ್ಮ ಮನೆಯ ಬಸಳೆ."

ಬಸಳೆ ತಿನ್ನುವುದು ಎದುರುಮನೆಯ ಆಡು ಎಂದು ಕಾಕನ ಹೆಂಡತಿ ಆ ಮಳೆಗಾಲ ಪೂರ್ತಿ ಅದಕ್ಕೆ ಬೈದು, ಆಡಿನ ಯಜಮಾನತಿಯ ಹತ್ತಿರ ಮಾತು ಬಿಟ್ಟಿದ್ದರಂತೆ. "ಇದರೊಳಗೆ ಕೇಳಿದ್ದನ್ನು ಹೊರಗೆ ಹೇಳಬಾರದು ಅಂತ ಉಂಟಲ್ಲ, ಮನೆಯವಳಿಗೂ ಹೇಳಬಾರದಾ?" ಎಂದು ಕೇಳಿದರು. ಯಾರಿಗೂ ಹೇಳಬಾರದು ಎಂದೆ. ಕಾಕ ಒಪ್ಪಿಕೊಂಡರು. ಕೂತ ಜಾಗದ ಮರ್ಯಾದೆ ಕಾಪಾಡಬೇಕೆಂದು ಅವರಿಗೆ ಅನ್ನಿಸಿರಬೇಕು.

ಭಾನುವಾರ ಕಾಕನ ಮನೆಗೆ ಪಾತ್ರೆ ತುಂಬ ಸಿಗಡಿ ಹಾಕಿದ ಬಸಳೆ ಸಾರು ಬಂತು. ಕಾಕನ ಹೆಂಡತಿ ಅದನ್ನು ಬಡಿಸುತ್ತಾ ಹೇಳಿದರಂತೆ, "ನೋಡಿ, ಎಂಥ ಒಳ್ಳೆಯ ಬಾಯಿ. ನಮ್ಮ ಬಸಳೆಯನ್ನು ಆ ಹಾಳು ಆಡು ತಿಂದದ್ದು ಕಂಡು ಪಾಪ, ತಮ್ಮ ಬಸಳೆಯದ್ದು ಮಾಡಿ ಕಳಿಸಿದ್ದಾರೆ." ಕಾಕ ತಲೆ ಎತ್ತದೆ ಊಟ ಮಾಡಿದರು.

ಮೇಜಿನ ಕೆಳಗೆ

ನನಗೊಂದು ಚಾಳಿ ಉಂಟು. ಯಾರ ಮನೆಗೆ ಹೋದರೂ ಅಲ್ಲಿನ ಮರದ ಸಾಮಾನನ್ನು ತಟ್ಟಿ, ತಿರುಗಿಸಿ, ಕೆಳಗಿನಿಂದ ನೋಡದಿದ್ದರೆ ಸಮಾಧಾನವಿಲ್ಲ. ಮದುವೆ ಹಾಲ್‌ನಲ್ಲಿ ಕುರ್ಚಿ ಮಗುಚಿ ನೋಡಿದವನು ನಾನು.

ಮಗಳಿಗೆ ಕದ್ರಿಯ ಕಡೆ ಒಂದು ಸಂಬಂಧ ಬಂತು. ಒಳ್ಳೆಯ ಜನ, ಮಗಳಿಗೂ ಮನಸ್ಸಿತ್ತು. ರಿಕ್ಷಾದಲ್ಲಿ ಹೋಗುವಾಗಲೇ ಹೆಂಡತಿ ಹೇಳಿದಳು, "ಕೈ ಮಡಿಲಲ್ಲಿ ಇರ್ಲಿ. ಅಲ್ಲಿ ಎಂತದನ್ನೂ ಮುಟ್ಟಬೇಡಿ. ಇದು ಮಗಳ ಜೀವನದ ವಿಷಯ." ನಾನು ಆಣೆ ಹಾಕಿದ ಹಾಗೆ ತಲೆ ಆಡಿಸಿದೆ.

ಹೋಗಿ ಕೂತರೆ ಎದುರಿಗೆ ಊಟದ ಮೇಜು. ಬೀಟಿ ಮರದ್ದು, ಹಳೆಯದು. ಕಾಲು ಹಲಗೆಗೆ ಸೇರುವಲ್ಲಿ ಮೊಳೆ ಇಲ್ಲ, ಸ್ಕ್ರೂ ಇಲ್ಲ, ಒಂದು ಗೆರೆ ಸಹ ಕಾಣುವುದಿಲ್ಲ. ಅವರು ಹುಡುಗನ ಕೆಲಸದ ಬಗ್ಗೆ ಹೇಳುತ್ತಿದ್ದರು. ನಾನು ಹೂಂ ಹೂಂ ಎನ್ನುತ್ತಿದ್ದೆ, ಮನಸ್ಸೆಲ್ಲ ಆ ಕಾಲಿನಲ್ಲಿ. ಅಷ್ಟರಲ್ಲಿ ದೇವರೇ ದಾರಿ ತೋರಿಸಿದ ಹಾಗೆ ನನ್ನ ಚಮಚ ಕೆಳಗೆ ಬಿತ್ತು. ನಾನೂ ಅದರ ಹಿಂದೆಯೇ ಹೋದೆ.

ಚಮಚ ಕೂಡಲೇ ಸಿಕ್ಕಿತು. ನಾನು ಮಾತ್ರ ಬರಲಿಲ್ಲ. ಮೇಲೆ ಹುಡುಗನ ತಾಯಿಯ ಸ್ವರ ಕೇಳಿಸಿತು, "ಇವರು ಎಲ್ಲಿಗೆ ಹೋದ್ರು?" ನನ್ನ ಹೆಂಡತಿ ಸ್ವಲ್ಪವೂ ಸ್ವರ ಬದಲಾಯಿಸದೆ, "ಅವರಿಗೆ ಸೊಂಟನೋವು ಉಂಟು, ಆಗಾಗ ಬಗ್ಗಬೇಕು ಅಂತ ಡಾಕ್ಟರ್ ಹೇಳಿದ್ದಾರೆ" ಎಂದಳು.

ಹುಡುಗನ ತಂದೆ ಬಗ್ಗಿ ನೋಡಿದರು. "ಎಂತ ಆಯ್ತು?"

"ಇದು ಯಾರು ಮಾಡಿದ್ದು?" ಎಂದು ನಾನು ಕೆಳಗಿನಿಂದಲೇ ಕೇಳಿದೆ.

ಅವರ ಮುಖ ಅರಳಿತು. "ನನ್ನ ಅಪ್ಪ. ಇಷ್ಟು ಜನ ಬಂದು ಊಟ ಮಾಡಿ ಹೋಗಿದ್ದಾರೆ, ಒಬ್ಬರೂ ಕೇಳಿದ್ದಿಲ್ಲ" ಎನ್ನುತ್ತಾ ಪ್ಯಾಂಟು ಎಳೆದುಕೊಂಡು ಅವರೂ ಒಳಗೆ ಬಂದರು. ಕಾಲಿನ ಒಳಗಡೆ ಮರದ್ದೇ ಒಂದು ಬೆಣೆ, ಎಲ್ಲಿಂದ ಹೊಡೆದದ್ದು ಎಂದು ಬೆರಳಿನಿಂದ ತೋರಿಸಿದರು. ನಾನು ಕನ್ನಡಕ ಸರಿಮಾಡಿ ನೋಡಿದೆ. ನಮಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ನಾವು ಹೊರಗೆ ಬರುವಾಗ ಚಹಾ ತಣ್ಣಗಾಗಿತ್ತು. ಹೆಂಗಸರು ನಗುತ್ತಾ ಕೂತಿದ್ದರು. ಹುಡುಗ, ಹುಡುಗಿ ಅಂಗಳದಲ್ಲಿ ಮಾತನಾಡುತ್ತಿದ್ದರು. ಮದುವೆಯ ತಿಂಗಳು, ಹಾಲ್, ಊಟ ಎಲ್ಲ ಮೇಲೆಯೇ ಮಾತಾಗಿತ್ತು. "ನಿಶ್ಚಯ ಆಯ್ತು" ಎಂದಳು ನನ್ನ ಹೆಂಡತಿ. ಹುಡುಗನ ತಂದೆ ಮೊಣಕಾಲು ಒರೆಸಿಕೊಳ್ಳುತ್ತಾ ಬೇಸರದಿಂದ ಹೇಳಿದರು, "ಇಷ್ಟು ಬೇಗವಾ? ನಾನು ಇವರಿಗೆ ಮಂಚ ತೋರಿಸಿಯೇ ಇಲ್ಲ."

ಬಾಗಿಲಿಗೆ ಶಬ್ದ ಹಾಕಿದ್ದು

ಇಷ್ಟು ವರ್ಷ ನಾನು ಶಬ್ದ ತೆಗೆಯುವ ಕೆಲಸ ಮಾಡಿದವನು. ಬಾಗಿಲು ಕಿರುಗುಟ್ಟಿದರೆ, ಮಂಚ ಅಲುಗಿದರೆ, ಕಪಾಟು ಕಟಕಟ ಎಂದರೆ ಜನ ನನ್ನನ್ನು ಕರೆಯುತ್ತಾರೆ. ಶಬ್ದ ಹಾಕಿಕೊಡಿ ಎಂದು ಕೇಳಿದವರು ಒಬ್ಬರೇ.

ಕದ್ರಿ ಗುಡ್ಡದ ಬದಿಯಲ್ಲಿ ಒಂದು ಹಂಚಿನ ಮನೆ, ಬಂಟರದ್ದು. ಮನೆಯಲ್ಲಿ ಮೂರು ಜನ. ವಯಸ್ಸಾದ ಅಮ್ಮ, ಹೋಟೆಲ್ ನಡೆಸುವ ಮಗ, ಸೊಸೆ. ಎದುರಿನ ಬಾಗಿಲು ಹಲಸಿನ ಮರದ್ದು. ಹಿಂದಿನ ಕಾಲದ ಕ್ರಮದಲ್ಲಿ ಬಾಗಿಲಿನ ಗೂಟ ಚೌಕಟ್ಟಿನ ಕುಳಿಯಲ್ಲಿ ತಿರುಗುತ್ತಿತ್ತು. ಮಳೆಗಾಲದಲ್ಲಿ ಉಬ್ಬಿ, ತೆರೆಯಲಿಕ್ಕೆ ಹೆಗಲು ಕೊಡಬೇಕಾಗಿತ್ತು. ಮಗ ನನ್ನನ್ನು ಕರೆಸಿದರು. ನಾನು ಬಾಗಿಲನ್ನು ಇಳಿಸಿ, ಕೀಸುಳಿ ಹಾಕಿ, ಗೂಟ ತೆಗೆದು ಹಿತ್ತಾಳೆಯ ಬಿಜಾಗರಿ ಹಾಕಿಕೊಟ್ಟೆ. ಕಿರುಬೆರಳಿನಿಂದ ದೂಡಿದರೆ ಸಾಕು, ಬೆಣ್ಣೆಯ ಹಾಗೆ ಸರಿಯುತ್ತಿತ್ತು. ನನಗೇ ಹೆಮ್ಮೆಯಾಯಿತು.

ವಾರ ಕಳೆಯುವ ಮೊದಲು ಅಮ್ಮನ ಫೋನು. "ಪೊರ್ಬುಗಳೇ, ನೀವು ಬಾಗಿಲು ಹಾಳುಮಾಡಿದ್ದೀರಿ." ನಮ್ಮಂಥ ಕ್ರಿಶ್ಚಿಯನ್ನರನ್ನು ಇಲ್ಲಿನ ತುಳುವರು ಮರ್ಯಾದೆಯಿಂದ ಕರೆಯುವುದು ಹಾಗೆಯೇ. ಓಡಿಕೊಂಡು ಹೋದೆ. ಅವರು ಕೋಲು ಊರಿಕೊಂಡು ಬಂದು ಬಾಗಿಲನ್ನು ತೆರೆದು ಮುಚ್ಚಿ ತೋರಿಸಿದರು.

"ಕೇಳಿತಾ?"

"ಎಂತದೂ ಕೇಳ್ಲಿಲ್ಲ ಅಮ್ಮ."

"ಅದೇ ಹಾಳಾದದ್ದು."

ಆಮೇಲೆ ನನ್ನನ್ನು ಕೂರಿಸಿ ಹೇಳಿದರು. ಈ ಮನೆಗೆ ಮದುವೆಯಾಗಿ ಬಂದಂದಿನಿಂದ ಆ ಬಾಗಿಲಿನ ಕಿರ್ ಶಬ್ದ ಅವರಿಗೆ ಎಲ್ಲ ಹೇಳುತ್ತಿತ್ತು. ಗಂಡ ತೆರೆಯುವ ಶಬ್ದ ಬೇರೆ, ಮಗನದ್ದು ಬೇರೆ, ಸೊಸೆಯದ್ದು ಬೇರೆ. "ಈಗ ಕಣ್ಣು ಮಂಜು, ಕಾಲು ನೋವು. ಒಳಗಿನ ಕೋಣೆಯಲ್ಲಿ ಕೂತುಕೊಂಡೇ ಮನೆ ನೋಡಿಕೊಳ್ತಿದ್ದೆ. ಈಗ ಯಾರು ಬಂದ್ರು, ಯಾರು ಹೋದ್ರು ಒಂದೂ ಗೊತ್ತಾಗುವುದಿಲ್ಲ. ನಿನ್ನೆ ಬೆಕ್ಕಿನ ಹತ್ತಿರ, ಊಟ ಆಯ್ತಾ ಮಗಾ ಅಂತ ಕೇಳಿದೆ" ಎಂದರು. ನನಗೆ ನಗು ಬಂತು, ಅದಕ್ಕಿಂತ ಹೆಚ್ಚು ಬೇಸರವಾಯಿತು. ಹಳೆಯ ಹಾಗೆಯೇ ಗೂಟ ಹಾಕಿ ಶಬ್ದ ತರಿಸುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಮರುದಿನ ವರ್ಕ್‌ಶಾಪಿಗೆ ಸೊಸೆ ಬಂದರು. ಐವತ್ತು ದಾಟಿದವರು, ತ್ರಾಣ ಕಡಿಮೆ ಎನ್ನುವಷ್ಟು ತೆಳ್ಳಗೆ. ಕೂತದ್ದೇ, "ಆ ಶಬ್ದ ಹಾಕ್ಬೇಡಿ" ಎಂದರು.

ಅವರು ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಹೊರಗೆ ಹೋಗಿ ಸ್ಕೂಟರ್ ಕಲಿಯುತ್ತಿದ್ದರು. ಹಿಂದೆ ಅವರ ಗಂಡ ಸ್ಕೂಟರಿನಿಂದ ಬಿದ್ದು ಕೈ ಮುರಿದುಕೊಂಡಂದಿನಿಂದ ಆ ಮನೆಯಲ್ಲಿ ಸ್ಕೂಟರಿನ ಹೆಸರು ಎತ್ತುವ ಹಾಗಿಲ್ಲ. "ಎಲ್ಲಿಗೆ ಹೋಗ್ಬೇಕಾದ್ರೂ ಇವರ ಕಾರು ಬರುವವರೆಗೆ ಕಾಯ್ಬೇಕು. ಅರ್ಧ ಆಯುಷ್ಯ ಕಾದೇ ಹೋಯ್ತು. ಲೈಸೆನ್ಸ್ ಸಿಕ್ಕಿದ ಮೇಲೆ ಅತ್ತೆಗೆ ನಾನೇ ಹೇಳ್ತೇನೆ. ಈಗಲೇ ಗೊತ್ತಾದ್ರೆ ಕಲಿಯುವುದು ಅಲ್ಲಿಗೇ ನಿಲ್ತದೆ" ಎಂದರು. ಹೇಳುವಾಗ ಅವರ ಕಣ್ಣು ತುಂಬಿತು.

ಅತ್ತೆಗೆ ಶಬ್ದ ಇಲ್ಲದೆ ಆಗುವುದಿಲ್ಲ, ಸೊಸೆಗೆ ಶಬ್ದ ಇದ್ದರೆ ಆಗುವುದಿಲ್ಲ. ಬಾಗಿಲು ಒಂದೇ. ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. ಅವಳು ಸಾರು ಬಡಿಸುತ್ತಾ, "ವಾರ್ಡಿನಲ್ಲಿ ಒಬ್ಬರಿಗೆ ಬೆಳಕು ಬೇಕು, ಇನ್ನೊಬ್ಬರಿಗೆ ಬೇಡ ಅಂದ್ರೆ ನಾವು ಪರದೆಯನ್ನು ಅರ್ಧಕ್ಕೆ ಎಳೀತಿದ್ದೆವು" ಎಂದಳು. ನಾನು ಎಂಜಲು ಕೈಯಲ್ಲಿಯೇ ಎದ್ದು ನಿಂತೆ.

ಹಳೆಯ ಹಲಸಿನ ತುಂಡಿನಿಂದ ಗೂಟ ಕಡೆದೆ. ಶಬ್ದ ತೆಗೆಯುವುದಕ್ಕಿಂತ ತರಿಸುವುದು ಕಷ್ಟ ಎಂದು ಆಗ ತಿಳಿಯಿತು. ಒಂದು ಗೂಟ ಕಾಗೆಯ ಹಾಗೆ ಕೂಗಿತು. ಇನ್ನೊಂದು, ಬಾಲ ತುಳಿಸಿಕೊಂಡ ನಾಯಿಯ ಹಾಗೆ. ಪಕ್ಕದ ಅಂಗಡಿಯವರು ಇಣುಕಿ, "ಎಂತ ಸಾಕಿದ್ದೀರಿ?" ಎಂದು ಕೇಳಿದರು. ಕೊನೆಗೆ ಗೂಟಕ್ಕೆ ರಾಳದ ಪುಡಿ ಹಚ್ಚಿದಾಗ ಹಳೆಯ ಮನೆಯ ಸರಿಯಾದ ಕಿರ್ ಬಂತು. ಆಮೇಲೆ ಗೂಟದ ಒಂದು ಬದಿಯನ್ನು ಮಾತ್ರ ಸ್ವಲ್ಪ ಕೆತ್ತಿ ತೆಗೆದೆ. ಬಾಗಿಲು ಅರ್ಧ ತೆರೆಯುವವರೆಗೆ ಗೂಟ ಕುಳಿಯಲ್ಲಿ ಸಡಿಲ, ಶಬ್ದವಿಲ್ಲ. ಅರ್ಧ ದಾಟಿತೋ, ಬಿಗಿಯಾಗಿ ಕಿರ್.

ಬಾಗಿಲು ಕೂರಿಸಿ ಅಮ್ಮನ ಎದುರು ಪೂರ್ತಿ ತೆರೆದೆ. ಅವರು ಕಣ್ಣು ಮುಚ್ಚಿ ಕೇಳಿದರು. "ಹಾಂ, ಇದೇ. ಈಗ ಮನೆ ಅಂತ ಆಯ್ತು" ಎಂದರು. ಅವರು ಒಳಗೆ ಹೋದ ಮೇಲೆ ಸೊಸೆಗೆ ಎಲ್ಲಿಯವರೆಗೆ ತೆರೆಯಬಹುದು ಎಂದು ಕೈಸನ್ನೆಯಲ್ಲಿ ತೋರಿಸಿಕೊಟ್ಟೆ. ಅವರು ಅಡ್ಡವಾಗಿ ನಿಂತು ಒಮ್ಮೆ ಹೊರಗೆ ಹೋಗಿ ಒಳಗೆ ಬಂದರು. ಗಾಳಿ ಬಂದು ಹೋದಷ್ಟೂ ಶಬ್ದವಾಗಲಿಲ್ಲ.

ಸ್ವಲ್ಪ ದಿನದಲ್ಲಿ ಮಗನ ಫೋನು. ಅವರು ತಮ್ಮ ಹೋಟೆಲಿನ ಅಡುಗೆಯ ಮೇಲೆ ಒಳ್ಳೆಯ ವಿಶ್ವಾಸ ಇಟ್ಟವರು, ಅದು ಅವರನ್ನು ನೋಡಿದರೇ ಗೊತ್ತಾಗುತ್ತದೆ. "ಇದೆಂತ ಮಾರಾಯ್ರೆ, ಹೆಂಡತಿ ಬಂದ್ರೆ ಶಬ್ದ ಇಲ್ಲ, ಬೆಕ್ಕು ಬಂದ್ರೆ ಶಬ್ದ ಇಲ್ಲ. ನಾನು ಬಂದ್ರೆ ಮಾತ್ರ ಬಾಗಿಲು ಬೊಬ್ಬೆ ಹಾಕ್ತದೆ" ಎಂದರು. ಯಜಮಾನರ ಗುರುತು ಅದಕ್ಕೆ ಸಿಕ್ಕಿರಬೇಕು ಎಂದೆ. ಅವರಿಗೆ ಆ ಉತ್ತರ ಹಿಡಿಸಿತು.

ಮಳೆ ಕಳೆಯಿತು. ಒಂದು ಮಧ್ಯಾಹ್ನ ವರ್ಕ್‌ಶಾಪಿನ ಎದುರು ಹೊಸ ಸ್ಕೂಟರೊಂದು ಬಂದು ನಿಂತಿತು. ಓಡಿಸಿದವರು ಆ ಸೊಸೆ. ಹಿಂದೆ ಒಂದೇ ಬದಿಗೆ ಕಾಲು ಹಾಕಿ, ತಲೆಗೆ ಹೆಲ್ಮೆಟ್ ಹಾಕಿ, ಸೊಸೆಯ ಸೊಂಟವನ್ನು ಗಟ್ಟಿಯಾಗಿ ಹಿಡಿದು ಕೂತವರು ಅತ್ತೆ. ನಾನು ಕುರ್ಚಿಯಿಂದ ಎದ್ದೆ.

ಲೈಸೆನ್ಸ್ ಸಿಕ್ಕಿತ್ತು. ಸೊಸೆ ಮಾತಿನಂತೆ ಅತ್ತೆಗೆ ಹೇಳಿದ್ದರು. ಅತ್ತೆ ಒಂದು ದಿನ ಮಾತು ಬಿಟ್ಟು, ಆಮೇಲೆ, "ಅಷ್ಟು ಒಳ್ಳೆ ಓಡಿಸ್ತಿಯಾದ್ರೆ ನನ್ನನ್ನು ಕೂರಿಸಿಕೊಂಡು ಹೋಗು, ನೋಡುವ" ಎಂದಿದ್ದರಂತೆ. ಸೊಸೆ ಪೇಟೆಗೆ ಕರೆದುಕೊಂಡು ಹೋಗಿ ಗಡ್‌ಬಡ್ ಐಸ್‌ಕ್ರೀಮ್ ತಿನ್ನಿಸಿದ್ದರು. ಮನೆಯಲ್ಲಿ ಮಗ, ಅಮ್ಮನಿಗೆ ಶುಗರ್ ಉಂಟು ಎಂದು ಚಹಾಕ್ಕೆ ಸಕ್ಕರೆ ಹಾಕಲಿಕ್ಕೂ ಬಿಡುವುದಿಲ್ಲ. ಮಗನಿಗೆ ಸ್ಕೂಟರಿನ ವಿಷಯ ಗೊತ್ತು, ಗಡ್‌ಬಡ್ಡಿನ ವಿಷಯ ಗೊತ್ತಿಲ್ಲ.

ಸೊಸೆ ಸ್ಕೂಟರನ್ನು ನೆರಳಿಗೆ ನಿಲ್ಲಿಸಲಿಕ್ಕೆ ಹೋದರು. ಅಮ್ಮ ಹೆಲ್ಮೆಟ್ ತೆಗೆಯದೆ ನನ್ನ ಎದುರಿನ ಕುರ್ಚಿಯಲ್ಲಿ ಕೂತರು.

"ಪೊರ್ಬುಗಳೇ, ಬಾಗಿಲು ಅರ್ಧ ತೆರೆದ್ರೆ ಶಬ್ದ ಬರುವುದಿಲ್ಲ ಅಂತ ನನಗೆ ಮೊದಲ ದಿನವೇ ಗೊತ್ತಾಗಿತ್ತು. ಶಬ್ದ ಇಲ್ಲದಿದ್ರೆ ಎಂತ, ಬಾಗಿಲು ತೆರೆದ್ರೆ ಒಳಗೆ ನನ್ನ ಕಾಲಿಗೆ ಗಾಳಿ ತಾಗ್ತದಲ್ಲ. ಮಧ್ಯಾಹ್ನ ಗಾಳಿ ಬಂದ್ರೆ ಇವಳು ಹೊರಟ್ಲು, ಮತ್ತೆ ಗಾಳಿ ಬಂದ್ರೆ ಇವಳು ಬಂದ್ಲು. ಹೋಗಿ ಬರ್ಲಿ ಅಂತ ಸುಮ್ಮನಿದ್ದೆ."

ತಪ್ಪಾಯಿತು ಅಮ್ಮ, ಇವತ್ತೇ ಬಂದು ಗೂಟ ಬದಲಾಯಿಸಿ ಪೂರ್ತಿ ಶಬ್ದ ಬರುವ ಹಾಗೆ ಮಾಡುತ್ತೇನೆ ಎಂದೆ.

"ಅಯ್ಯೋ ಬೇಡ" ಎಂದು ಅವರು ನನ್ನ ಕೈ ಹಿಡಿದರು. ಸೊಸೆ ದೂರ ಇದ್ದಾರಾ ಎಂದು ಒಮ್ಮೆ ತಿರುಗಿ ನೋಡಿ, ಸ್ವರ ತಗ್ಗಿಸಿದರು. "ಇವತ್ತು ಮಗ ಊರಲ್ಲಿಲ್ಲ, ಹಾಗೆ ಧೈರ್ಯವಾಗಿ ಬಂದದ್ದು. ಬೇರೆ ದಿನ ಅವನು ಹೋಟೆಲಿನಿಂದ ಬಂದು ಬಾಗಿಲ ಹತ್ತಿರ ಚಾವಡಿಯಲ್ಲಿಯೇ ಮಲಗ್ತಾನೆ. ಗಡ್‌ಬಡ್ಡಿಗೆ ಹೊರಟ್ರೆ ಅರ್ಧ ಬಾಗಿಲಿನಲ್ಲಿ ಇವಳು ಹಿಡಿಸ್ತಾಳೆ, ನಾನು ಹಿಡಿಸುವುದಿಲ್ಲ. ಆ ಶಬ್ದವನ್ನು ಇನ್ನೊಂದು ಗೇಣು ಆಚೆಗೆ ಹಾಕಿಕೊಡಿ."